ಮಲ್ಲಿಯ ಹಿಮ್ಮಡಿಯಿಂದ ಶುರುವಾದ ಕೆಲಸ: ಎರಡು ಜೋಲುಕಿವಿ ಮೊಲಗಳ ದೊಡ್ಡಿ

ಉಗುರು ಕತ್ತರಿಸಲು ಮಲ್ಲಿಯನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದೆ. ಹಿಂಗಾಲು ಎತ್ತಿ ನೋಡಿದರೆ ಹಿಮ್ಮಡಿಯಲ್ಲಿ ಕೂದಲೇ ಇಲ್ಲ. ಕಿರುಬೆರಳ ಉಗುರಿನಷ್ಟು ಜಾಗ ಬೋಳಾಗಿ, ಕೆಂಪಗೆ, ಸ್ವಲ್ಪ ಊದಿಕೊಂಡಿತ್ತು. ಇನ್ನೊಂದು ಕಾಲು ನೋಡಿದೆ. ಅದೂ ಹಾಗೇ, ಸ್ವಲ್ಪ ಕಡಿಮೆ. ಅವಳು ಕುಂಟುತ್ತಿರಲಿಲ್ಲ, ತಿನ್ನುವುದು ಬಿಟ್ಟಿರಲಿಲ್ಲ, ಹಾಗಾಗಿ ಎಷ್ಟು ವಾರದಿಂದ ಹೀಗಿತ್ತೋ ನಮಗೆ ಗೊತ್ತೇ ಆಗಿರಲಿಲ್ಲ. ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ತನ್ನನ್ನು ಹಿಡಿದು ತಿನ್ನುವವರ ನಡುವೆ ಬದುಕಬೇಕಾದ ಜೀವ ನೋವು ತೋರಿಸಿಕೊಂಡರೆ ಮೊದಲು ಸಿಕ್ಕಿಬೀಳುವುದು ಅದೇ. ಅದಕ್ಕೇ ನಾವೇ ಕಾಲು ಎತ್ತಿ ನೋಡಬೇಕು.

ಪಶುವೈದ್ಯರು ಮುಲಾಮು ಕೊಟ್ಟರು, ನೋವಿಗೆ ಔಷಧಿ ಕೊಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಇವು ಯಾವುದರ ಮೇಲೆ ಕೂರುತ್ತವೆ?" ತಂತಿ ತಳದ ಪಂಜರ ಅಂದೆ. "ತಳ ಬದಲಾಯಿಸಿ. ಇಲ್ಲದಿದ್ದರೆ ಈ ಮುಲಾಮಿನಿಂದ ಏನೂ ಆಗಲ್ಲ" ಅಂದರು. ನಾಯಿಗೆ, ಬೆಕ್ಕಿಗೆ ಅಂಗಾಲಿನಲ್ಲಿ ಮೆತ್ತನೆಯ ದಿಂಬಿನಂಥ ಚರ್ಮ ಇರುತ್ತದೆ, ನೋಡಿದ್ದೀರಲ್ವಾ? ಮೊಲಕ್ಕೆ ಅದಿಲ್ಲ. ಇರುವುದು ದಟ್ಟ ಕೂದಲು ಮಾತ್ರ. ಅದು ಕೂರುವುದೇ ಹಿಮ್ಮಡಿಯ ಮೇಲೆ. ಮಣ್ಣು, ಹುಲ್ಲಿನ ಮೇಲಾದರೆ ಕಾಲು ಸ್ವಲ್ಪ ಒಳಗಿಳಿದು ಭಾರ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ತಂತಿಯ ಮೇಲೆ ಎಲ್ಲ ಭಾರವೂ ಒಂದೆರಡು ಗೆರೆಯ ಮೇಲೆ. ಕೂದಲು ಸವೆಯುತ್ತದೆ, ಚರ್ಮ ಸವೆಯುತ್ತದೆ, ಗಾಯವಾಗುತ್ತದೆ, ತೀರ ಬಿಟ್ಟರೆ ಮೂಳೆಯವರೆಗೂ ಹೋಗುತ್ತದೆ.

ಆ ಪಂಜರವನ್ನು ನಾವು ಆರಿಸಿದ್ದೇ ಹಿಕ್ಕೆ ಕೆಳಗಿನ ತಟ್ಟೆಗೆ ಬೀಳುತ್ತದೆ, ತೊಳೆಯುವುದು ಸುಲಭ ಅಂತ. ನಮಗೆ ಸುಲಭ ಆಯಿತು, ಮಲ್ಲಿಗೆ ಗಾಯ ಆಯಿತು. ನನಗೆ ಅದು ಇವತ್ತಿಗೂ ಬೇಜಾರು. ಅವತ್ತು ರಾತ್ರಿಯೇ ತಂತಿಯ ಮೇಲೆ ದಪ್ಪ ರಟ್ಟು ಹಾಕಿ, ಅದರ ಮೇಲೆ ಹಳೆಯ ಜಮಖಾನ ಹಾಸಿದೆ. ಮುಂದಿನ ಶನಿವಾರ ಟೇಪು ಹಿಡಿದು ಕೋಣೆ ಅಳೆಯಲು ನಿಂತೆ. ಪಂಜರ ರಿಪೇರಿ ಮಾಡುವ ಯೋಚನೆ ಅಷ್ಟರಲ್ಲಿ ಬಿಟ್ಟಾಗಿತ್ತು. ಹೊಸದೇ ಕಟ್ಟಬೇಕು.

ಇವು ಹಾಲೆಂಡ್ ಲಾಪ್ ತಳಿ. ನೆದರ್‌ಲ್ಯಾಂಡ್ಸಿನ ಆಡ್ರಿಯಾನ್ ಡಿ ಕಾಕ್ ಅನ್ನುವವರು 1949ರಲ್ಲಿ ದೊಡ್ಡ ಫ್ರೆಂಚ್ ಲಾಪನ್ನೂ ಪುಟಾಣಿ ನೆದರ್‌ಲ್ಯಾಂಡ್ ಡ್ವಾರ್ಫನ್ನೂ ಕೂಡಿಸಲು ಶುರು ಮಾಡಿದರು. ಅಲ್ಲಿ ಇದು ತಳಿ ಅಂತ ಒಪ್ಪಿಗೆ ಪಡೆದದ್ದು 1964ರಲ್ಲಿ. ತೂಕ 1.8 ಕಿಲೋ ದಾಟಬಾರದು ಅಂತ ಅಮೆರಿಕದ ಮೊಲ ಸಾಕುವವರ ಸಂಘದ ನಿಯಮ. ನಮ್ಮ ಮಲ್ಲಿ 1.6, ಅವಳ ಜೊತೆಗಾರ ಗುಂಡ 1.7. ಇಷ್ಟು ಪುಟ್ಟದಕ್ಕೆ ಪುಟ್ಟ ಜಾಗ ಸಾಕು ಅಂತ ಅನ್ನಿಸುವುದು ಸಹಜ. ಆದರೆ ಗುಂಡ ಓಡುವುದನ್ನು ಅಳೆದು ನೋಡಿದೆ. ಹಜಾರದಲ್ಲಿ ಬಿಟ್ಟಾಗ ಮೂರು ನೆಗೆತಕ್ಕೆ ಎರಡು ಮೀಟರ್ ದಾಟುತ್ತಾನೆ. ಹಳೆಯ ಪಂಜರದ ಉದ್ದ 4 ಅಡಿ. ಅಂದರೆ ಅಲ್ಲಿ ಅವನು ಎರಡನೇ ನೆಗೆತ ಹಾಕುವಷ್ಟೂ ಜಾಗ ಇರಲಿಲ್ಲ.

ಬ್ರಿಟನ್ನಿನ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಅನ್ನುವ ಸಂಸ್ಥೆ ಒಂದು ಜೋಡಿ ಮೊಲಕ್ಕೆ ಹೇಳುವ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಅದೂ ಹಗಲು ರಾತ್ರಿ ಯಾವಾಗಲೂ ಸಿಗುವ ಜಾಗ ಆಗಿರಬೇಕು, ದಿನಕ್ಕೆ ಒಂದು ಗಂಟೆ ಬಿಟ್ಟು ಮತ್ತೆ ಕೂಡಿಹಾಕುವುದಲ್ಲ. ಮೊಲಗಳಿಗೆ ಜೀವ ಬರುವುದು ಮುಂಜಾನೆ ಮತ್ತು ಮುಸ್ಸಂಜೆ. ನಾವು ಏಳುವ ಮೊದಲೇ ಅವುಗಳ ಓಟ ಅರ್ಧ ಮುಗಿದಿರುತ್ತದೆ. ಹಿಂದಿನ ಕೋಣೆಯ ಒಂದು ಮೂಲೆಯಲ್ಲಿ ಸರಿಯಾಗಿ ಈ ಅಳತೆ ಸಿಕ್ಕಿತು. ಎರಡು ಬದಿಗೆ ಕೋಣೆಯ ಗೋಡೆಯೇ ಇದೆ. ಉಳಿದ ಎರಡು ಬದಿಗೆ, ಅಂದರೆ 3 ಮೀಟರಿಗೆ ಮತ್ತು 2 ಮೀಟರಿಗೆ, ಒಂದೊಂದು ಮೀಟರಿನ ಐದು ಚೌಕಟ್ಟು ಸಾಕು.

ಮರದ ವಿಷಯ ಮೊದಲು, ಏಕೆಂದರೆ ಮೊಲದ ಮನೆಯಲ್ಲಿ ಯಾವ ಮರ ಇಟ್ಟರೂ ಒಂದಲ್ಲ ಒಂದು ದಿನ ಅದು ಹೊಟ್ಟೆ ಸೇರುತ್ತದೆ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಬಾಚಿಹಲ್ಲು ವಾರಕ್ಕೆ 2 ರಿಂದ 3 ಮಿಲಿಮೀಟರ್ ಬೆಳೆಯುತ್ತದೆ, ದವಡೆ ಹಲ್ಲೂ ಬೆಳೆಯುತ್ತದೆ. ಹಾಗಾಗಿ ಕಡಿಯದೆ ಅವು ಇರಲಾರವು. ಹಳೆಯ ಕಿಟಕಿಯ ಮರ ಮನೆಯಲ್ಲಿ ಬಿದ್ದಿತ್ತು, ಆದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದು ಅಂತ ಮುಟ್ಟಲಿಲ್ಲ. ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಮರವೂ ಬೇಡ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎರಡೂ ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ಅವೂ ಬೇಡ. ಸೀಡರ್ ಮರದ ಘಾಟಿಗೆ ಮೊಲದ ಲಿವರಿಗೆ ತೊಂದರೆ ಆಗುತ್ತದೆ. ಕೊನೆಗೆ ಏನೂ ಬಳಿಯದ, ಚೆನ್ನಾಗಿ ಒಣಗಿಸಿದ ಪೈನ್ ಮರದ ರೀಪರ್ ಪಟ್ಟಿ ತಂದೆ, 45 ಮಿಲಿಮೀಟರ್ ಅಗಲ, 20 ದಪ್ಪ.

ಜಾಲರಿ ಬೆಸುಗೆ ಹಾಕಿದ ವೆಲ್ಡ್ ಮೆಶ್. ಅದರ ಕಣ್ಣಿನ ಅಳತೆ ಒಂದು ಇಂಚಿಗೆ ಅರ್ಧ ಇಂಚು, ತಂತಿ 1.6 ಮಿಲಿಮೀಟರ್. ಕೋಳಿ ಗೂಡಿಗೆ ಹಾಕುವ ಆರು ಮೂಲೆಯ ತೆಳು ಜಾಲರಿಯನ್ನು ಇದಕ್ಕೆ ಬಳಸಬೇಡಿ. ಅದನ್ನು ಮೊಲ ಕಡಿದು ತುಂಡು ಮಾಡುತ್ತದೆ, ಹೊರಗಿನ ಬೆಕ್ಕು ನಾಯಿ ಕೂಡ ಹರಿಯುತ್ತವೆ. ಮೆಶ್ಶಿಗೆ ಸತುವಿನ ಲೇಪ ಇರುತ್ತದೆ, ಅದು ಹೊಟ್ಟೆಗೆ ಹೋದರೆ ವಿಷ. ಹೊಸ ಮೆಶ್ಶಿನಲ್ಲಿ ಪುಡಿಪುಡಿಯಾಗಿ ಅಂಟಿಕೊಂಡಿರುವುದು ಹೋಗಲಿ ಅಂತ ವಿನೆಗರ್ ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ, ತೊಳೆದು, ಬಿಸಿಲಿಗೆ ಇಟ್ಟೆ. ಮೆಶ್ ಬಿಟ್ಟು ಬೇರೆ ಕಡಿಯಲು ಏನಾದರೂ ಸಿಕ್ಕರೆ ಅವು ಮೆಶ್ಶಿನ ತಂಟೆಗೆ ಹೋಗುವುದು ತುಂಬ ಕಡಿಮೆ. ಅದಕ್ಕೆ ಸೇಬಿನ ಮರದ ಒಣ ಕಡ್ಡಿ ಇಟ್ಟಿದ್ದೇನೆ.

ಚೌಕಟ್ಟು ಕಟ್ಟುವುದು ಎಲ್ಲಕ್ಕಿಂತ ಸುಲಭದ ಭಾಗ. ಬಾಗಿಲು ಬಿಟ್ಟು ಉಳಿದ ನಾಲ್ಕಕ್ಕೆ ಒಂದೊಂದಕ್ಕೂ ಐದು ತುಂಡು, ಎಲ್ಲವೂ 1 ಮೀಟರ್. ನಾಲ್ಕು ಬದಿಗೆ, ಒಂದು ನಡುವೆ ಅಡ್ಡಕ್ಕೆ. ಸೇರುವ ಕಡೆ ಎರಡೂ ತುಂಡನ್ನು 10 ಮಿಲಿಮೀಟರ್ ಕೊರೆದು ಒಂದರ ಮೇಲೊಂದು ಕೂರಿಸಿ, ಅಂಟು ಹಾಕಿ, ಎರಡೆರಡು ಸ್ಕ್ರೂ. ಮೊಳೆ ಹೊಡೆಯಬೇಡಿ, ಮುಂದೆ ಬಿಚ್ಚಬೇಕಾಗುತ್ತದೆ. ಚೌಕಟ್ಟುಗಳನ್ನು ಒಂದಕ್ಕೊಂದು ಸೇರಿಸಲು ಬೋಲ್ಟ್ ಮತ್ತು ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಹಾಕಿದೆ, ನಟ್ಟು ಹೊರಬದಿಗೆ. ಈ ಒಂದು ನಿರ್ಧಾರ ಮುಂದೆ ನನ್ನನ್ನು ಎರಡು ಸಲ ಕಾಪಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಮೆಶ್ಶನ್ನು ಚೌಕಟ್ಟಿನ ಒಳಬದಿಗೆ ಹೊಡೆಯಬೇಕು, ಅಂದರೆ ಮೊಲ ಇರುವ ಕಡೆಗೆ. ಹೊರಬದಿಗೆ ಹೊಡೆದರೆ ಮರದ ಅಂಚು ಒಳಗೆ ಬಾಯಿಗೆ ಸಿಗುತ್ತದೆ, ಎರಡು ತಿಂಗಳಲ್ಲಿ ಅಲ್ಲಿ ಹಲ್ಲಿನ ಗುರುತಿನ ಕಣಿವೆ ಆಗುತ್ತದೆ. ಆದರೆ ಒಳಬದಿಗೆ ಹೊಡೆದರೆ ಇನ್ನೊಂದು ತೊಂದರೆ ಇದೆ, ಕತ್ತರಿಸಿದ ತಂತಿಯ ತುದಿಗಳು ಒಳಗೇ ಉಳಿಯುತ್ತವೆ. ನೆಟ್ಟ ಕಿವಿಯ ಮೊಲಕ್ಕೆ ಇದು ಅಷ್ಟು ದೊಡ್ಡದಲ್ಲ. ಜೋಲುಕಿವಿಯದಕ್ಕೆ ದೊಡ್ಡದೇ. ಅವು ಗೋಡೆಗೆ, ಜಾಲರಿಗೆ ಒರಗಿಕೊಂಡು ನಡೆಯುವಾಗ ಕಿವಿ ಎಲ್ಲಕ್ಕೂ ಸವರಿಕೊಂಡೇ ಹೋಗುತ್ತದೆ, ಕಿವಿಯ ಚರ್ಮವೋ ಎಲೆಯಷ್ಟು ತೆಳು, ಒಳಗೆಲ್ಲ ರಕ್ತನಾಳ. ಒಂದು ತಂತಿಯ ತುದಿ ಸಾಕು ಸೀಳಲು. ಹಾಗಾಗಿ ಮೆಶ್ಶನ್ನು 2 ಸೆಂಟಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿ, ಕಟಿಂಗ್ ಪ್ಲೇಯರಿನಲ್ಲಿ ಆ ಭಾಗವನ್ನು ಚೌಕಟ್ಟಿನ ಪಕ್ಕಕ್ಕೆ ಮಡಚಿ ಹೊಡೆದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಬರಿಗೈಯಲ್ಲಿ ಇಡೀ ಒಳಬದಿ ಸವರಿದೆ. ಎರಡು ಕಡೆ ಚುಚ್ಚಿತು. ಅರ ಹಾಕಿ ಉಜ್ಜಿದೆ, ಮತ್ತೆ ಸವರಿದೆ.

ಎತ್ತರ 1 ಮೀಟರ್ ಜಾಸ್ತಿ ಆಯಿತೇನೋ ಅಂತ ನನಗೂ ಮೊದಲು ಅನಿಸಿತ್ತು. ಕೆಲಸ ನಡೆಯುವಾಗ ಇಬ್ಬರನ್ನೂ 60 ಸೆಂಟಿಮೀಟರಿನ ಮಡಚುವ ಬೇಲಿಯೊಳಗೆ ಬಿಟ್ಟಿದ್ದೆವು. ಮೂರನೇ ದಿನ ಗುಂಡ ರಟ್ಟಿನ ಡಬ್ಬದ ಮೇಲೆ ಹತ್ತಿ, ಅಲ್ಲಿಂದ ಬೇಲಿ ಹಾರಿ, ನಾನು ಕೊರೆಯುತ್ತಿದ್ದ ರೀಪರಿನ ಪಕ್ಕ ಬಂದು ಕೂತ. ಅವತ್ತಿನಿಂದ ಎತ್ತರದ ಬಗ್ಗೆ ಪ್ರಶ್ನೆ ಇಲ್ಲ. ಇನ್ನೊಂದು ಪಾಠವೂ ಸಿಕ್ಕಿತು, ಹತ್ತುವ ಯಾವ ಸಾಮಾನೂ ಬೇಲಿಯಿಂದ ಒಂದು ಮೀಟರ್ ಆಚೆಯೇ ಇರಬೇಕು.

ಬಾಗಿಲು 70 ಸೆಂಟಿಮೀಟರ್ ಅಗಲ, ಪೂರ್ತಿ ಎತ್ತರ, ಕೆಳಗೆ 12 ಸೆಂಟಿಮೀಟರ್ ಹೊಸ್ತಿಲು. ಇಷ್ಟು ದೊಡ್ಡ ಬಾಗಿಲು ಯಾಕೆ ಅಂದರೆ, ನಾವು ಒಳಗೆ ಹೋಗಿ ಕೂರಬೇಕು, ಅವನ್ನು ಹೊರಗೆ ಎತ್ತಿ ತರಬಾರದು. ಮೊಲದ ಮೂಳೆ ತುಂಬ ಹಗುರ, ಹಿಂಗಾಲಿನ ಮಾಂಸಖಂಡ ತುಂಬ ಬಲ. ಹೆದರಿ ಒದ್ದಾಗ ಹಿಂಭಾಗಕ್ಕೆ ಆಸರೆ ಇಲ್ಲದಿದ್ದರೆ ತನ್ನ ಒದೆತಕ್ಕೆ ತನ್ನದೇ ಬೆನ್ನುಮೂಳೆ ಮುರಿದುಕೊಳ್ಳಬಹುದು. ನನ್ನ ಮಗಳಿಗೆ ಎಂಟು ವರ್ಷ. ಎತ್ತಿಕೊಳ್ಳುವುದು ಬೇಡ, ನೆಲದಲ್ಲಿ ಕೂರು, ಅವೇ ಬರುತ್ತವೆ ಅಂತ ಹೇಳಿದ್ದೆ. ಮೊದಲ ವಾರ ಬರಲಿಲ್ಲ. "ಅಪ್ಪಾ, ನಾನು ಇಷ್ಟ ಇಲ್ವಾ ಅವಕ್ಕೆ?" ಅಂತ ಕೇಳಿದಳು. ಮೂಗಿನ ಎದುರಿಗೆ ಕೈ ಚಾಚುತ್ತಿದ್ದಳು, ತೊಂದರೆ ಅದು. ಮೊಲಕ್ಕೆ ಕಣ್ಣು ತಲೆಯ ಪಕ್ಕಕ್ಕಿದೆ, ಸುತ್ತಲೂ ಕಾಣುತ್ತದೆ, ಮೂಗಿನ ತುದಿಯ ಎದುರಿಗೆ ಮಾತ್ರ ಕಾಣುವುದಿಲ್ಲ. ಅಲ್ಲಿ ಕೈ ಬಂದರೆ ಎಲ್ಲಿಂದಲೋ ಏನೋ ಬಂದ ಹಾಗೆ. ಪಕ್ಕದಿಂದ ಕೈ ತಂದು ಹಣೆ ಸವರಲು ಹೇಳಿಕೊಟ್ಟೆ. ಈಗ ಅವಳು ಪುಸ್ತಕ ಹಿಡಿದು ಒಳಗೆ ಕೂತರೆ ಮಲ್ಲಿ ಬಂದು ಕಾಲಿಗೆ ಒತ್ತಿಕೊಂಡು ಮಲಗುತ್ತಾಳೆ. ಬಾಗಿಲಿಗೆ ಖರ್ಚಾದ ಮರಕ್ಕೆ ಅಷ್ಟು ಸಾಕು ನನಗೆ.

ಬಾಗಿಲು ಒಳಗೆ ತೆರೆಯುವಂತೆ ಕೂರಿಸಿದ್ದೆ, ಒಳಗಿನಿಂದ ತಳ್ಳಿದರೆ ಇನ್ನೂ ಗಟ್ಟಿ ಮುಚ್ಚಲಿ ಅಂತ. ಚಿಲಕದ ಬದಲು ಬೀರುವಿಗೆ ಹಾಕುವ ಅಯಸ್ಕಾಂತದ ಕ್ಯಾಚ್. ಗುಂಡ ತಳ್ಳಲಿಲ್ಲ. ಹಲ್ಲಿನಲ್ಲಿ ಮೆಶ್ ಕಚ್ಚಿ ಒಳಕ್ಕೆ ಎಳೆದ. ಬೆಳಗ್ಗೆ ಎದ್ದು ನೋಡಿದರೆ ಇಬ್ಬರೂ ಹಜಾರದಲ್ಲಿ, ಚಾರ್ಜರಿನ ವೈರು ಎರಡು ತುಂಡು. ಸ್ವಿಚ್ ಆಫ್ ಆಗಿತ್ತು. ಆಗಿರದಿದ್ದರೆ ಅಂತ ಯೋಚಿಸಿದರೆ ಈಗಲೂ ಎದೆ ಹಿಡಿದ ಹಾಗಾಗುತ್ತದೆ. ಅವತ್ತೇ ಮೇಲೊಂದು ಕೆಳಗೊಂದು ಜಾರುವ ಚಿಲಕ ಹಾಕಿದೆ. ಜೊತೆಗೆ ಮನೆಯಲ್ಲಿ ನೆಲದ ಹತ್ತಿರ ಇರುವ ಎಲ್ಲ ವೈರನ್ನೂ ಗಟ್ಟಿ ಪಿವಿಸಿ ಪೈಪಿನೊಳಗೆ ತೂರಿಸಿದೆ. ಮೊಲಕ್ಕೆ ವೈರೂ ಒಂದು, ಬೇರೂ ಒಂದು, ದಾರಿಗೆ ಅಡ್ಡ ಬಂದದ್ದನ್ನು ಕತ್ತರಿಸುತ್ತಾ ಹೋಗುತ್ತದೆ.

ಈಗ ನೆಲ. ಇಡೀ ಕೆಲಸ ಶುರುವಾದದ್ದೇ ಇದಕ್ಕಾಗಿ. ಬರೀ ಟೈಲ್ಸ್ ಆಗುವುದಿಲ್ಲ, ಗಟ್ಟಿ ಮತ್ತು ಜಾರುತ್ತದೆ, ಹಿಂಗಾಲು ಅಗಲವಾಗಿ ಜಾರಿದರೆ ಸೊಂಟಕ್ಕೆ ಪೆಟ್ಟು. ಮಕ್ಕಳ ಆಟದ ಸ್ಪಂಜಿನ ಚಾಪೆ ಹಾಕಿ ನೋಡಿದೆ, ಮಾರನೇ ದಿನವೇ ಮೂಲೆ ಮಾಯ. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಕರುಳಿನ ಮೂಲಕವೇ ಹೊರಬರಬೇಕು, ಸ್ಪಂಜು ಅಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ತಕ್ಷಣ ತೆಗೆದೆ. ಮುಂದಿನ ಎರಡು ದಿನ ಹಿಕ್ಕೆ ಎಣಿಸಿದ ಹಾಗೆ ನೋಡುತ್ತಿದ್ದೆ. ಹಿಕ್ಕೆ ಚಿಕ್ಕದಾದರೆ, ಕಡಿಮೆಯಾದರೆ, ಅಥವಾ ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬಾರದು, ಆಗಲೇ ವೈದ್ಯರ ಹತ್ತಿರ ಓಡಬೇಕು. ಪುಣ್ಯಕ್ಕೆ ಏನೂ ಆಗಲಿಲ್ಲ. ಕೊನೆಗೆ ನಿಂತದ್ದು ಹೀಗೆ: ಕೆಳಗೆ ನೀರು ಇಳಿಯದ ವಿನೈಲ್ ಹಾಳೆ, ಅದರ ಮೇಲೆ ದಪ್ಪ ಹತ್ತಿಯ ಜಮಖಾನ ಎರಡು ಪದರ. ಗುಂಗುರು ನೂಲಿನ ಕಾರ್ಪೆಟ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಜಮಖಾನ ಎರಡು ಜೊತೆ ಇದೆ, ಒಂದು ಒಗೆದರೆ ಇನ್ನೊಂದು. ಒದ್ದೆ ನೆಲವೂ ಹಿಮ್ಮಡಿಗೆ ತಂತಿಯಷ್ಟೇ ಕೆಟ್ಟದ್ದು.

ಗೋಡೆ ಇರುವ ಎರಡು ಬದಿಗೆ 45 ಸೆಂಟಿಮೀಟರ್ ಎತ್ತರಕ್ಕೆ ಹಲಗೆ ನಿಲ್ಲಿಸಿದ್ದೇನೆ, ಇಲ್ಲದಿದ್ದರೆ ಬಣ್ಣ, ಗಾರೆ ಎಲ್ಲ ಕೆರೆದು ತಿನ್ನುತ್ತವೆ.

ಅಡಗುವ ಪೆಟ್ಟಿಗೆ 60 ಉದ್ದ, 40 ಅಗಲ, 35 ಎತ್ತರ, ಸೆಂಟಿಮೀಟರಿನಲ್ಲಿ. ಮೇಲ್ಭಾಗ ಚಪ್ಪಟೆ, ಹತ್ತಿ ಕೂರಲು. ತಳ ಇಲ್ಲ, ಎತ್ತಿದರೆ ಗುಡಿಸಬಹುದು. ಬಾಗಿಲು ಎರಡು ಇರಲೇಬೇಕು. ಒಂದೇ ಇದ್ದರೆ ಒಬ್ಬರು ಬಾಗಿಲಲ್ಲಿ ಕೂತು ಒಳಗಿನವರನ್ನು ಕಟ್ಟಿಹಾಕುತ್ತಾರೆ, ಜಗಳ ಶುರುವಾಗುವುದು ಅಲ್ಲೇ. ತೂತಿನ ಅಗಲ ಮೊದಲು 14 ಕೊರೆದಿದ್ದೆ. ದೇಹಕ್ಕೆ ಸಾಕು, ಆದರೆ ಕಿವಿ ಎರಡೂ ಅಂಚಿಗೆ ಉಜ್ಜುತ್ತಿತ್ತು. ಮಲ್ಲಿ ಒಳಗೆ ಹೋಗುವಾಗ ಪ್ರತಿ ಸಲವೂ ತಲೆ ಒಂದು ಕಡೆ ಓರೆ ಮಾಡುತ್ತಿದ್ದಳು. ಅದನ್ನು ನೋಡಿ 18ಕ್ಕೆ ಅಗಲ ಮಾಡಿ, ಅಂಚನ್ನು ಪಾಲಿಶ್ ಪೇಪರಿನಲ್ಲಿ ದುಂಡಗೆ ಉಜ್ಜಿದೆ. ಈಗ ಸೀದಾ ನುಗ್ಗುತ್ತಾಳೆ.

ಕಿವಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಮಗೆಲ್ಲ ಮುದ್ದು ಅನ್ನಿಸುವ ಆ ಜೋಲು ಕಿವಿ ಅವುಗಳಿಗೆ ನಿಜಕ್ಕೂ ಕಷ್ಟ. ಕಿವಿ ಕೆಳಗೆ ಬೀಳುವ ಕಡೆ ಒಳಗಿನ ನಾಳ ಮಡಚಿಕೊಂಡು ಕಿರಿದಾಗುತ್ತದೆ, ಗುಗ್ಗೆ ತಾನಾಗಿ ಹೊರಗೆ ಬರುವುದಿಲ್ಲ, ಒಳಗೇ ಕೂತು ಸೋಂಕಾಗುತ್ತದೆ. 2019ರಲ್ಲಿ ಇಂಗ್ಲೆಂಡಿನಲ್ಲಿ 15 ಜೋಲುಕಿವಿ ಮೊಲವನ್ನೂ 15 ನೆಟ್ಟಕಿವಿ ಮೊಲವನ್ನೂ ಹೋಲಿಸಿ ನೋಡಿದಾಗ ಕಿರಿದಾದ ನಾಳ, ಗುಗ್ಗೆ, ಕಿವಿ ಮುಟ್ಟಿದರೆ ನೋವು, ಇವೆಲ್ಲ ಜೋಲುಕಿವಿಯವುಗಳಲ್ಲಿ ಜಾಸ್ತಿ ಕಂಡಿತ್ತು. ಇದನ್ನು ನಾನು ಓದಿದ್ದು ಇವನ್ನು ಮನೆಗೆ ತಂದ ಮೇಲೆ. ಈಗ ತಂದಾಗಿದೆ, ನೋಡಿಕೊಳ್ಳುವುದು ನಮ್ಮ ಕೆಲಸ. ಪ್ರತಿ ಭಾನುವಾರ ಎರಡೂ ಕಿವಿ ಎತ್ತಿ ಒಳಗೆ ನೋಡುತ್ತೇವೆ, ಮೂಸುತ್ತೇವೆ, ಬುಡವನ್ನು ಮೆತ್ತಗೆ ಒತ್ತಿ ಊತ ಇದೆಯಾ ಅಂತ ನೋಡುತ್ತೇವೆ. ಹತ್ತಿ ಕಡ್ಡಿ ಹಾಕುವುದೇ ಇಲ್ಲ, ಅದು ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ.

ಇಲ್ಲಿ ನನ್ನ ದೊಡ್ಡಿಯದ್ದೇ ಒಂದು ತಪ್ಪು ಸಿಕ್ಕಿತು. ಕಟ್ಟಿ ಒಂದೂವರೆ ತಿಂಗಳಾದ ಮೇಲೆ ಮಲ್ಲಿ ಪದೇ ಪದೇ ತಲೆ ಒದರುತ್ತಿದ್ದಳು, ಕಿವಿಯ ತುದಿ ಯಾವಾಗಲೂ ತೇವ. ಎರಡು ಸಂಜೆ ಸುಮ್ನೆ ಕೂತು ನೋಡಿದೆ. ನೀರಿನ ಬಟ್ಟಲು ಅಗಲ ಬಾಯಿಯದು, ಅವಳು ತಲೆ ಬಗ್ಗಿಸಿದರೆ ಎರಡೂ ಕಿವಿ ನೀರಿನಲ್ಲಿ. ನಳಿಕೆ ಬಾಟಲಿ ಹಾಕಬಹುದಿತ್ತು, ಆದರೆ ಅದರಲ್ಲಿ ಹನಿ ಹನಿಯಾಗಿ ನೆಕ್ಕಬೇಕು, ಬಟ್ಟಲಿನಷ್ಟು ನೀರು ಕುಡಿಯುವುದಿಲ್ಲ. ಅವಳ ಎರಡು ಕಿವಿಯ ನಡುವಿನ ಅಂತರ ಅಳೆದೆ, ಸುಮಾರು 11 ಸೆಂಟಿಮೀಟರ್. 10 ಸೆಂಟಿಮೀಟರ್ ಬಾಯಿಯ ಭಾರವಾದ ಪಿಂಗಾಣಿ ಬಟ್ಟಲು ಹುಡುಕಿ, 5 ಸೆಂಟಿಮೀಟರ್ ಎತ್ತರದ ಮರದ ಮಣೆಯ ಮೇಲೆ ಇಟ್ಟೆ. ಈಗ ಕಿವಿಗಳು ಬಟ್ಟಲಿನ ಹೊರಗೆ ಎರಡು ಬದಿಗೆ ಇಳಿಬೀಳುತ್ತವೆ. ವೈದ್ಯರು ಕಿವಿಗೆ ಔಷಧಿ ಕೊಟ್ಟರು, ಎರಡು ವಾರದಲ್ಲಿ ಸರಿಹೋಯಿತು.

ಹುಲ್ಲಿನ ಗೂಡೆಯನ್ನೂ ಕೆಳಗಿಳಿಸಿದೆ. ಮೊದಲು ತಲೆಯ ಮೇಲಿತ್ತು, ಎಳೆಯುವಾಗ ಧೂಳೆಲ್ಲ ಕಣ್ಣಿಗೆ, ಕಿವಿಗೆ. ಈಗ ಮೂಗಿನ ಮಟ್ಟಕ್ಕೆ ಇದೆ, ಕಂಬಿಗಳ ನಡುವೆ 4 ಸೆಂಟಿಮೀಟರ್, ತಲೆ ತೂರದಷ್ಟು. ಮೇಲೆ ಮುಚ್ಚಳ ಇದೆ, ಇಲ್ಲದಿದ್ದರೆ ಒಳಗೆ ಹಾರಿ ಕಾಲು ಸಿಕ್ಕಿಸಿಕೊಳ್ಳುತ್ತವೆ. ಮೊಲದ ಊಟದಲ್ಲಿ ಒಣಹುಲ್ಲೇ ಮುಕ್ಕಾಲಿಗಿಂತ ಜಾಸ್ತಿ ಇರಬೇಕು, ಹಲ್ಲು ಸವೆಯುವುದೂ ಕರುಳು ಓಡುವುದೂ ಅದರಿಂದಲೇ. ಗೂಡೆಯ ಕೆಳಗೇ ಹಿಕ್ಕೆ ತಟ್ಟೆ ಇಡಿ, ಏಕೆಂದರೆ ಅವು ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿಗಳು. ಬೇರೆ ಯಾವ ತರಬೇತಿಯೂ ಬೇಕಾಗಲಿಲ್ಲ, ಹುಲ್ಲು ಇದ್ದ ಕಡೆ ತಟ್ಟೆ ಇಟ್ಟಿದ್ದೇ ತರಬೇತಿ. ತಟ್ಟೆಯೊಳಗೆ ಒತ್ತಿದ ಕಾಗದದ ಗುಳಿಗೆ ಹಾಕುತ್ತೇನೆ. ನೀರು ಬಿದ್ದರೆ ಗಟ್ಟಿಯಾಗುವ ಬೆಕ್ಕಿನ ಮಣ್ಣು ಬೇಡ, ಹೊಟ್ಟೆಗೆ ಹೋದರೆ ಅಲ್ಲೂ ಗಟ್ಟಿಯಾಗುತ್ತದೆ.

ಆ ತಟ್ಟೆಯಿಂದಲೇ ದೊಡ್ಡ ರಿಪೇರಿ ಬಂತು. ನಾಲ್ಕನೇ ತಿಂಗಳು ಕೋಣೆಗೆ ಹೋದರೆ ವಾಸನೆ. ತಟ್ಟೆ ತೊಳೆದರೂ ಹೋಗಲ್ಲ. ಜಮಖಾನ ಎತ್ತಿ ನೋಡಿದರೆ ತಟ್ಟೆಯ ಹಿಂದಿನ ಚೌಕಟ್ಟಿನ ಕೆಳಗಿನ ರೀಪರ್ ಕಪ್ಪಾಗಿ, ಉಬ್ಬಿ, ಸೇರಿಸಿದ ಕಡೆ ಬಾಯಿ ಬಿಟ್ಟಿತ್ತು. ಗುಂಡ ಮೂಲೆಗೆ ಬೆನ್ನು ಹಾಕಿ, ಬಾಲ ಎತ್ತಿ ಉಚ್ಚೆ ಹೊಯ್ಯುತ್ತಾನೆ, ಅದು ತಟ್ಟೆಯ ಅಂಚು ದಾಟಿ ಹಿಂದೆ ಬೀಳುತ್ತಿತ್ತು. ನಾನು ವಿನೈಲ್ ಹಾಳೆಯನ್ನು ಚೌಕಟ್ಟಿನ ಅಂಚಿಗೆ ಸರಿಯಾಗಿ ಕತ್ತರಿಸಿದ್ದೆ, ಉಚ್ಚೆ ಆ ಸಂದಿಯಲ್ಲಿ ಇಳಿದು ಮರಕ್ಕೆ ಹತ್ತುತ್ತಿತ್ತು.

ರೆಕ್ಕೆ ನಟ್ಟು ಬಿಚ್ಚಿ ಆ ಒಂದು ಚೌಕಟ್ಟನ್ನು ಹೊರಗೆ ತಂದೆ, ಜಾಗಕ್ಕೆ ಆ ಮಡಚುವ ಬೇಲಿ ಅಡ್ಡ ನಿಲ್ಲಿಸಿದೆ. ಹಾಳಾದ 30 ಸೆಂಟಿಮೀಟರ್ ಕತ್ತರಿಸಿ, ಹೊಸ ತುಂಡನ್ನು ಅದೇ ಥರ ಅರ್ಧಕ್ಕೆ ಕೊರೆದು ಕೂರಿಸಿದೆ. ಆಮೇಲೆ ಹೊಸ ವಿನೈಲ್ ಹಾಳೆ, ಈ ಸಲ ಚೌಕಟ್ಟಿನ ಎರಡೂ ಬದಿಗೆ 10 ಸೆಂಟಿಮೀಟರ್ ಜಾಸ್ತಿ ಬಿಟ್ಟು. ಕೆಳಗಿನ ಸಾಲಿನ ಯು ಮೊಳೆ ಸಡಿಲಿಸಿ, ಹಾಳೆಯ ಅಂಚನ್ನು ಮೆಶ್ಶಿಗೂ ಮರಕ್ಕೂ ನಡುವೆ ಮೇಲಕ್ಕೆ ತೂರಿಸಿ, ಮತ್ತೆ ಮೊಳೆ ಹೊಡೆದೆ. ಈಗ ನೆಲವೇ ಒಂದು ಆಳವಿಲ್ಲದ ತೊಟ್ಟಿಯ ಹಾಗಿದೆ. ಅಂಚು ಮೆಶ್ಶಿನ ಹಿಂದೆ ಇರುವುದರಿಂದ ಹಲ್ಲಿಗೆ ಸಿಗುವುದಿಲ್ಲ. ತಟ್ಟೆಯನ್ನೂ ಬದಲಾಯಿಸಿದೆ. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ಮೂರು ಬದಿ 28 ಸೆಂಟಿಮೀಟರ್ ಎತ್ತರ ಹಾಗೇ ಬಿಟ್ಟು, ಮುಂದೆ ಮಾತ್ರ 10ಕ್ಕೆ ಕತ್ತರಿಸಿದೆ. ಕತ್ತರಿಸಿದ ಅಂಚಿಗೆ ಉದ್ದಕ್ಕೆ ಸೀಳಿದ ತೆಳು ಪೈಪು ಸಿಕ್ಕಿಸಿದೆ, ಹೊಟ್ಟೆ, ಕಿವಿ ಎರಡಕ್ಕೂ ತಗಲದ ಹಾಗೆ.

ಹಳೆಯ ತಟ್ಟೆಯಲ್ಲಿ ಸುಣ್ಣ ಬಳಿದಂಥ ಬಿಳಿ ಪದರ ಕಟ್ಟಿತ್ತು, ಸೋಪಿಗೆ ಜಗ್ಗಲಿಲ್ಲ. ಮೊಲ ತಿಂದದ್ದರಲ್ಲಿರುವ ಕ್ಯಾಲ್ಸಿಯಮ್ಮನ್ನು ಹೆಚ್ಚುಕಮ್ಮಿ ಎಲ್ಲ ಹೀರಿಕೊಂಡು, ಮಿಕ್ಕಿದ್ದನ್ನು ಉಚ್ಚೆಯಲ್ಲಿ ಬಿಡುತ್ತದೆ. ಆ ಪದರ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನದ್ದೇ ಜಾತಿ. ಬಿಳಿ ವಿನೆಗರ್ ಸುರಿದು ಅರ್ಧ ಗಂಟೆ ಬಿಟ್ಟರೆ ಗುಳ್ಳೆ ಗುಳ್ಳೆ ಎದ್ದು ಬಿಟ್ಟುಕೊಳ್ಳುತ್ತದೆ. ಉಚ್ಚೆ ಒಮ್ಮೊಮ್ಮೆ ಕಿತ್ತಳೆ, ಕೆಂಪು ಬಣ್ಣಕ್ಕೂ ಇರುತ್ತದೆ, ತಿಂದ ಸೊಪ್ಪಿನ ಬಣ್ಣದಿಂದ. ಮೊದಲ ಸಲ ನೋಡಿ ನನ್ನ ಹೆಂಡತಿ ರಕ್ತ ಅಂತ ಹೆದರಿದ್ದಳು. ಆದರೆ ಒಂದೆರಡು ದಿನದಲ್ಲಿ ಹೋಗದಿದ್ದರೆ, ಅಥವಾ ಉಚ್ಚೆ ಹೊಯ್ಯಲು ತಿಣುಕುತ್ತಾ ಕೂತರೆ, ವೈದ್ಯರಿಗೆ ತೋರಿಸಿ.

ಇಬ್ಬರನ್ನೂ ಒಟ್ಟಿಗೆ ಬಿಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಒಂಟಿ ಮೊಲ ನಿಜಕ್ಕೂ ಒಂಟಿ, ಅದಕ್ಕೆ ಜೊತೆ ಬೇಕು. ಆದರೆ ಮರಿ ಆಗದಂತೆ ಆಪರೇಷನ್ ಮಾಡಿಸಿಯೇ. ಗರ್ಭ ಬರೀ 31 ದಿನ. ಗಂಡಿಗೆ ಆಪರೇಷನ್ ಆದಮೇಲೂ ಆರು ವಾರದವರೆಗೆ ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು, ಹಾಗಾಗಿ ಅಷ್ಟು ದಿನ ಬೇರೆಯೇ ಇಡಬೇಕು. ಆಪರೇಷನ್ ಆಗದ ಹೆಣ್ಣಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತುಂಬ ಸಾಮಾನ್ಯ. ನಮ್ಮವರಿಗೆ ಆ ಆರು ವಾರ ಚೌಕಟ್ಟುಗಳನ್ನು ಬಿಚ್ಚಿ ಬೇರೆ ಥರ ಸೇರಿಸಿ ದೊಡ್ಡಿಯನ್ನು ಎರಡು ಭಾಗ ಮಾಡಿದ್ದೆ, ನಟ್ಟು ಉಪಯೋಗಕ್ಕೆ ಬಂದ ಮೊದಲನೇ ಸಲ ಅದು. ಮೆಶ್ಶಿನ ಆಚೆ ಈಚೆ ಒಂದೇ ಜಾಗದಲ್ಲಿ ಅಂಟಿಕೊಂಡು ಮಲಗುತ್ತಿದ್ದರು.

ಸೆಕೆಯ ದಿನಗಳಿಗೆ ಒಂದು ಸಣ್ಣ ಜೋಡಣೆ. ಮೊಲ ಬೆವರುವುದಿಲ್ಲ, ಮೈಯ ಬಿಸಿ ಹೊರಗೆ ಬಿಡುವುದು ಮುಖ್ಯವಾಗಿ ಕಿವಿಯಿಂದ, ಜೋಲು ಕಿವಿ ಮೈಗೆ ಅಂಟಿಕೊಂಡೇ ಇರುತ್ತದೆ. 28 ಡಿಗ್ರಿ ದಾಟಿದರೆ ನಾನು ನೆಲದ ಒಂದು ಮೂಲೆಯ ಜಮಖಾನ ಮಡಚಿ, ಅಲ್ಲಿ ಎರಡು ಟೈಲ್ಸ್ ಇಡುತ್ತೇನೆ, ಪಕ್ಕಕ್ಕೆ ಬಟ್ಟೆ ಸುತ್ತಿದ ಮಂಜುಗಡ್ಡೆ ಬಾಟಲಿ. ಬೇಕಾದವರು ಹೋಗಿ ಮಲಗುತ್ತಾರೆ, ಬೇಡವಾದರೆ ಎದ್ದು ಬರುತ್ತಾರೆ.

ಮಲ್ಲಿಯ ಹಿಮ್ಮಡಿಗೆ ಸುಮಾರು ಎರಡೂವರೆ ತಿಂಗಳು ಹಿಡಿಯಿತು. ಮೊದಲು ಕೆಂಪು ಹೋಯಿತು, ಆಮೇಲೆ ಸುತ್ತಲಿಂದ ಸಣ್ಣ ಕೂದಲು ಬರಲು ಶುರುವಾಯಿತು. ಬಲಗಾಲು ಪೂರ್ತಿ ಮುಚ್ಚಿಕೊಂಡಿದೆ. ಎಡಗಾಲಲ್ಲಿ ಮಧ್ಯೆ ಒಂದು ಸಾಸಿವೆ ಕಾಳಿನಷ್ಟು ಜಾಗ ಇನ್ನೂ ಬೋಳು, ಆದರೆ ಚರ್ಮ ಗಟ್ಟಿಯಾಗಿದೆ, ಒತ್ತಿದರೆ ಕಾಲು ಎಳೆದುಕೊಳ್ಳುವುದಿಲ್ಲ. ಹಳೆಯ ಪಂಜರವನ್ನು ಯಾರಿಗೂ ಕೊಡಲಿಲ್ಲ, ತಂತಿ ತಳ ಕತ್ತರಿಸಿ ತೆಗೆದು, ವೈದ್ಯರ ಹತ್ತಿರ ಹೋಗುವಾಗ ಒಯ್ಯಲು ಹಲಗೆ ತಳ ಹಾಕಿಟ್ಟಿದ್ದೇನೆ.

ಬಾಕಿ ಇರುವುದು ಅಗೆಯುವ ತೊಟ್ಟಿ. ಗುಂಡ ಜಮಖಾನದ ಒಂದೇ ಮೂಲೆಯನ್ನು ದಿನಾ ಕೆರೆಯುತ್ತಾನೆ, ಅಲ್ಲಿ ನೂಲು ಎದ್ದಿದೆ. ಮಿಕ್ಕ ಹಲಗೆಯಲ್ಲಿ 50 ಕ್ಕೆ 40 ರ ಪೆಟ್ಟಿಗೆ ಕೊರೆದಿಟ್ಟಿದ್ದೇನೆ. ಒಳಗೆ ಮಣ್ಣು ತುಂಬುವುದೋ, ಚೂರು ಕಾಗದ ತುಂಬುವುದೋ ಅನ್ನುವುದರ ಮೇಲೆ ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ. ಮಗಳು ಮಣ್ಣಿನ ಕಡೆ.